ಮಾರೆಕನ ಊರು

ಮೇಲಧಿಕಾರಿಯ ಮೇಲೆ ಸಿಟ್ಟು ಬಂದರೆ ಲೋಕ ಒಪ್ಪುತ್ತದೆ, ಕಟ್ಟಿಕೊಂಡ ಹೆಂಡತಿಯ ಮೇಲೆ ಬಂದರೂ ಒಪ್ಪುತ್ತದೆ. ನನ್ನ ಸಿಟ್ಟೆಲ್ಲ ಪೋಲೆಂಡಿನ ಒಂದು ಹಳ್ಳಿಯ ಮೇಲೆ. ಅದನ್ನು ನಾನು ಕಣ್ಣಾರೆ ಕಂಡಿಲ್ಲ. ಆದರೂ ಆ ನಾಲ್ಕು ಮನೆಗಳ ಊರು ಬಹರೈನಿನಲ್ಲಿ ನನ್ನ ಮಾನ ಕಳೆದಿದೆ.

ಸೀಫ್ ಬಡಾವಣೆಯ ನಮ್ಮ ಆಫೀಸಿನಲ್ಲಿ ಮಾರೆಕ್ ಎಂಬ ಪೋಲೆಂಡಿನ ಎಂಜಿನಿಯರ್ ಇದ್ದಾನೆ. ಜಿಂಜ್‌ನಲ್ಲಿ ನಮ್ಮ ಕಟ್ಟಡದಲ್ಲೇ ಮನೆಯಾದ್ದರಿಂದ ದಿನವೂ ನನ್ನ ಕಾರಿನಲ್ಲೇ ಬರುತ್ತಾನೆ. ಕಾರು ನನ್ನದು, ಮಾತು ಅವನ ಊರಿನದು. ಕೆರೆಯ ದಂಡೆಯಲ್ಲಿ ಮರದ ಇಗರ್ಜಿಯಂತೆ. ಚಳಿಗಾಲದಲ್ಲಿ ಕೆರೆ ಹೆಪ್ಪುಗಟ್ಟಿದರೆ ಮಕ್ಕಳಿಗೆ ಅದರ ಮೇಲೆಯೇ ಶಾಲೆಗೆ ಒಳದಾರಿಯಂತೆ. ಅವನ ಮುತ್ತಜ್ಜ ಹುಟ್ಟಿದಾಗ ಊರು ರಷ್ಯದ ಚಕ್ರವರ್ತಿಯದು, ಅಜ್ಜ ಹುಟ್ಟುವಾಗ ಪೋಲೆಂಡಿನದು, ಅಜ್ಜ ಶಾಲೆಗೆ ಹೊರಡುವಷ್ಟರಲ್ಲಿ ಜರ್ಮನರದು. ಯಾರೂ ಅಂಗಳ ದಾಟಲಿಲ್ಲ, ದೇಶಗಳೇ ಬಂದು ಹೋದವು. ಇದನ್ನೆಲ್ಲ ನಾನು ಸಿಗ್ನಲ್ಲಿಗೊಂದು ಚಕ್ರವರ್ತಿಯಂತೆ ಎರಡು ವರ್ಷ ಕೇಳಿದ್ದೇನೆ.

ಮೊನ್ನೆ ಊಟದ ಹೊತ್ತಿಗೆ ಅವನು ಫೋನಿನಲ್ಲಿ ನಕ್ಷೆ ತೆರೆದು ನನ್ನ ಊರು ಕೇಳಿದ. ಗಲ್ಫಿಗೆ ಬಂದ ಕರಾವಳಿಯವರೆಲ್ಲ ಮಂಗಳೂರಿನವರೇ. ನಾನೂ ಮಂಗಳೂರು ಎಂದೆ. ಪಕ್ಕದಲ್ಲಿದ್ದ ಹಮೀದ್, ನಮ್ಮ ಕಾಗದಪತ್ರ ನೋಡಿಕೊಳ್ಳುವವನು, ಅಸಲಿ ಮಂಗಳೂರಿನವನು, ಸುಮ್ಮನಿರಬೇಕೋ ಬೇಡವೋ?

"ಎಂತ ಸಾರ್, ನಿಮ್ಮದು ಬೈಂದೂರಿಂದ ಒಳಗೆ ಅಲ್ವಾ? ಮಂಗಳೂರಿಗೆ ಎರಡು ಗಂಟೆ ಮೇಲೆ ಉಂಟು" ಎಂದ. ಎಂದವನು ಮಾರೆಕನಿಗೂ ಇಂಗ್ಲಿಷಿನಲ್ಲಿ ತಿಳಿಸಿದ. ಮಾರೆಕ್ ಖುಷಿಯಿಂದ ನನ್ನ ಊರನ್ನು ಹುಡುಕಿ ಹಿಡಿದು, ಹೊಳೆಯ ಹೆಸರೇನು, ಗುಡ್ಡಕ್ಕೇನೆನ್ನುತ್ತೀರಿ, ದೇವಸ್ಥಾನ ಕಟ್ಟಿಸಿದ್ದು ಯಾರು ಎಂದು ಕೇಳತೊಡಗಿದ. ನಮ್ಮಲ್ಲಿ ಹೊಳೆಗೆ ಹೊಳೆ ಎನ್ನುತ್ತಿದ್ದೆವು, ಗುಡ್ಡಕ್ಕೆ ಗುಡ್ಡ. ಹದಿನೆಂಟು ವರ್ಷ ಆ ನೀರಿನಲ್ಲಿ ಮಿಂದ ನಾನೇ ಅದರ ಹೆಸರು ಕೇಳಿರಲಿಲ್ಲ. ಮಾರೆಕ್ ನಗಲಿಲ್ಲ. ಪಾಪ ಅನ್ನುವಂತೆ ನೋಡಿದ. ನನಗೆ ಮೈಯೆಲ್ಲ ಉರಿದುಹೋಯಿತು. ಸಿಟ್ಟು ಬಂದದ್ದು ಅವನ ಮೇಲೆ, ಹಮೀದನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಆ ಹಾಳು ಕೆರೆಯ ಮೇಲೆ.

ಸಂಜೆ ಮನೆಗೆ ಬಂದರೆ ಮಗಳು ಪುಸ್ತಕ ಹಿಡಿದು ಕೂತಿದ್ದಳು. ಅಪ್ಪನ ಊರಿನ ಬಗ್ಗೆ ಒಂದು ಪುಟ ಬರೆಯಬೇಕಂತೆ. ರಜೆಗೆ ಹೋದರೆ ನಾವು ಇಳಿಯುವುದು ಉಡುಪಿಯಲ್ಲಿ, ಹೆಂಡತಿಯ ತವರಿನಲ್ಲಿ. ಹಾಗಾಗಿ ನನ್ನ ಊರನ್ನು ಅವಳು ನೋಡಿಲ್ಲ. ಇವಳ ಎದುರೂ ಹೊಳೆ, ಗುಡ್ಡ ಎಂದು ತೊದಲಬಾರದೆಂದು ಹಟ ಹಿಡಿದು ಬಾಯಿ ತೆರೆದೆ. ಎಲ್ಲೂ ತಡವರಿಸದೆ ಹೇಳಿದೆ. ಪುಟ ತುಂಬಿತು. ಮಗಳು ಪೆನ್ಸಿಲ್ ಎತ್ತಿ ನನ್ನನ್ನೇ ನೋಡಿದಳು.

"ಪಪ್ಪಾ, ಕೆರೆ ಫ್ರೀಜ್ ಆದಾಗ ನೀವೂ ಅದರ ಮೇಲೇ ಸ್ಕೂಲಿಗೆ ವಾಕ್ ಮಾಡ್ತಿದ್ರಾ?"

ಸಿಟ್ಟಿನ್ನೂ ಇಳಿದಿರಲಿಲ್ಲ. ಹೌದು ಎಂದೆ.