ಕಾರಿನ ಬಲಬದಿಯ ಬಾಗಿಲು

ನನ್ನ ಅಭಿಪ್ರಾಯಗಳೆಲ್ಲ ನನ್ನ ತಲೆಯಲ್ಲೇ ಹುಟ್ಟುತ್ತವೆ ಎಂದು ನಾನು ಬಹಳ ವರ್ಷ ನಂಬಿದ್ದೆ. ರಸ್ತೆಯ ವಿಷಯದಲ್ಲಾದರೂ ಅವು ಹುಟ್ಟುವುದು ನಾವು ಕೂತ ಸೀಟಿನಲ್ಲಿ ಎಂಬುದು ತಿಳಿಯುವ ಹೊತ್ತಿಗೆ ವಯಸ್ಸು ಐವತ್ತು ದಾಟಿತ್ತು. ನಡೆಯುವವನಿಗೆ ಸೈಕಲ್ಲಿನವನು ಕಣ್ಣಿಲ್ಲದವನು, ಸೈಕಲ್ಲಿನವನಿಗೆ ಬೈಕಿನವನು ಬುದ್ಧಿಯಿಲ್ಲದವನು, ಬೈಕಿನವನಿಗೆ ಕಾರಿನವನು ಸೊಕ್ಕಿನವನು. ಲಾರಿಯವನಿಗಂತೂ ಇವರೆಲ್ಲರೂ ನೊಣಗಳು. ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿದ್ದಲ್ಲ. ನನ್ನನ್ನೇ ನೋಡಿ ಕಲಿತದ್ದು. ಕಲಿತವನು ನಾನಾದರೂ ಪೆಟ್ಟು ಬಿದ್ದದ್ದು ಮಾತ್ರ ಬೇರೆಯವರ ಭುಜಕ್ಕೆ.

ನಾನು ಹೊಸಪೇಟೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಶಾಲೆ ಇರುವುದು ಊರಿನ ಅಂಚಿಗೆ, ಸಂಡೂರಿನ ಕಡೆ ಹೋಗುವ ರಸ್ತೆಯಲ್ಲಿ. ಮೂರು ವರ್ಷದ ಹಿಂದೆ ರಕ್ತದಲ್ಲಿ ಸಕ್ಕರೆ ಹೆಚ್ಚಾಗಿದೆ ಎಂದು ಗೊತ್ತಾದಾಗ ಡಾಕ್ಟರು, ದಿನಕ್ಕೊಂದು ತಾಸು ಮೈ ಬೆವರಬೇಕು ಎಂದರು. “ಹೊಸಪೇಟೆ ಬಿಸಿಲಿನಲ್ಲಿ ಸುಮ್ಮನೆ ಕೂತರೂ ಬೆವರುತ್ತದಲ್ಲ ಡಾಕ್ಟ್ರೇ” ಅಂದೆ. ಅವರು ನಗಲಿಲ್ಲ. ಹೀಗೆ ನಾನು ಸೈಕಲ್ಲು ಕೊಂಡೆ. ನಮ್ಮ ಕಡೆ ಸೈಕಲ್ಲಿಗೆ ಎರಡು ಥರದ ಮರ್ಯಾದೆ ಇದೆ. ಹಂಪಿ ಬಜಾರಿನಲ್ಲಿ ಸೈಕಲ್ ತುಳಿದರೆ ನೀವು ಪ್ರವಾಸಿಗರು, ಜನ ನಿಮ್ಮ ಫೋಟೋ ತೆಗೆಯುತ್ತಾರೆ. ಅದೇ ಸೈಕಲ್ಲನ್ನು ಹೊಸಪೇಟೆಗೆ ತಂದು ತುಳಿದರೆ “ಪಾಪ, ಸರಗ ಏನ್ ತ್ರಾಸು ಬಂತೋ” ಅನ್ನುತ್ತಾರೆ.

ಈ ತ್ರಾಸಿನಲ್ಲಿ ನನಗೆ ಜೊತೆಯಾದವರು ದೇವೇಂದ್ರಪ್ಪ. ನಮ್ಮ ಶಾಲೆಯ ಜವಾನರು. ಗಂಟೆ ಬಾರಿಸುವುದು, ಬೀಗ ತೆಗೆಯುವುದು, ಹೆಡ್‌ಮಾಸ್ಟರ ಸಿಟ್ಟು ಯಾವ ಮಟ್ಟದಲ್ಲಿದೆ ಎಂದು ನಮಗೆ ಮೊದಲೇ ತಿಳಿಸುವುದು ಅವರ ಕೆಲಸ. ನಮ್ಮ ಮನೆಯಿಂದ ಎರಡು ಓಣಿ ಆಚೆಗಿದ್ದರು. ಕೆಲಸಕ್ಕೆ ಸೇರಿದ ದಿನದಿಂದಲೂ ಅದೇ ರಸ್ತೆಯಲ್ಲಿ, ಅದೇ ಕರಿ ಸೈಕಲ್ಲಿನ ಮೇಲೆ ಬಂದವರು. ಅದಿರಿನ ಲಾರಿಗಳು ಟಾರ್ಪಾಲು ಹಾರಿಸಿಕೊಂಡು ಕೆಂಪು ಧೂಳು ಎಬ್ಬಿಸುತ್ತಾ ಹೋಗುವ ಆ ರಸ್ತೆಯಲ್ಲಿ ಸೈಕಲ್ಲು ಹೊಡೆಯುವುದನ್ನು ನನಗೆ ಎರಡನೇ ಸಲ ಕಲಿಸಿದವರು ಅವರೇ. “ಸರ, ಹಿಂದಿಂದ ಲಾರಿ ಬಂದ್ರ ತಿರುಗಿ ನೋಡಬ್ಯಾಡ್ರಿ. ತಲಿ ತಿರುಗಿದ್ರ ಹ್ಯಾಂಡಲ್ಲೂ ತಿರುಗತೈತಿ. ಕಿವೀಲೆ ನೋಡ್ರಿ” ಅನ್ನುತ್ತಿದ್ದರು. ಕಿವಿಯಿಂದ ನೋಡಲು ನನಗೆ ಆರು ತಿಂಗಳು ಹಿಡಿಯಿತು. ಆಮೇಲೆ ಹಾರ್ನ್ ಕೇಳಿದೊಡನೆ ಇದು ಖಾಲಿ ಲಾರಿ, ಇದು ತುಂಬಿದ್ದು, ಇದು ಸಂಡೂರಿಗೆ ಹೊರಟ ಬಸ್ಸು, ಡ್ರೈವರನಿಗೆ ಇನ್ನೂ ಚಹಾ ಆಗಿಲ್ಲ ಎಂದು ಹೇಳುವಷ್ಟು ಪಳಗಿದೆ.

ಪಳಗಿದವನು ಸುಮ್ಮನಿರಬೇಕಲ್ಲ, ಸುಧಾರಕನಾದೆ. ಸೈಕಲ್ಲಿನವರಿಗಾಗಿ ರಸ್ತೆಯ ಅಂಚಿನಲ್ಲಿ ಒಂದು ಬಿಳಿ ಗೆರೆಯನ್ನಾದರೂ ಎಳೆಸಿಕೊಡಬೇಕೆಂದು ಕಂಡಕಂಡ ಕಚೇರಿಗೆಲ್ಲ ಅರ್ಜಿ ಬರೆದೆ. ಕಾರಿನವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅರ್ಜಿಗಳ ಫಲವಾಗಿ ಕೊನೆಗೊಂದು ದಿನ ‘ನಿಧಾನವಾಗಿ ಚಲಿಸಿ’ ಎಂಬ ಫಲಕ ಬಂತು. ವಾರದೊಳಗೆ ಒಂದು ಲಾರಿ ನಿಧಾನವಾಗಿಯೇ ಹಿಂದಕ್ಕೆ ಚಲಿಸಿ ಅದನ್ನು ಕೆಡವಿತು. “ಬೋರ್ಡ್ ಸೈತ ಉಳೀಲಿಲ್ಲಲ್ರಿ ಸರ. ನಾವೆಷ್ಟರವರು” ಅಂದರು ದೇವೇಂದ್ರಪ್ಪ.

ಒಂದು ಸಂಜೆ ಭತ್ತ ಹೇರಿದ ಟ್ರಾಕ್ಟರೊಂದು ನನ್ನ ಮೊಣಕೈಯನ್ನು ಸವರಿಕೊಂಡು ಹೋಯಿತು. ನಾನು ರಸ್ತೆಯ ಪಕ್ಕದ ಜಾಲಿಮುಳ್ಳಿನೊಳಗೆ ಹೋಗಿ ಕೂತೆ. ಹೆಂಡತಿ ಸುಧಾ ಮುಳ್ಳು ಕೀಳುತ್ತಾ, ಸೂಜಿ ಚುಚ್ಚಿದಾಗಲೆಲ್ಲ ಒಂದೊಂದು ವಾಕ್ಯ ಹೇಳಿದಳು. ಕೊನೆಯ ಮುಳ್ಳು ಬರುವ ಹೊತ್ತಿಗೆ ನಾನು ಹಳೆಯದೊಂದು ಕಾರು ಕೊಳ್ಳಲು ಒಪ್ಪಿದ್ದೆ. ಸೈಕಲ್ಲು ಜಗಲಿ ಸೇರಿತು. ಅಲ್ಲಿಂದ ನನ್ನ ಬುದ್ಧಿ ಬದಲಾಗಲು ಹದಿನೈದು ದಿನವೂ ಹಿಡಿಯಲಿಲ್ಲ. ಮೊದಲ ವಾರ ಸೈಕಲ್ಲಿನವರನ್ನು ಕಂಡರೆ ಗೌರವದಿಂದ ದೂರ ಸರಿದು ಹೋಗುತ್ತಿದ್ದೆ. ಎರಡನೆಯ ವಾರ, “ಇವರಿಗೆ ಸ್ವಲ್ಪ ಅಂಚಿಗೆ ಹೋಗೋಕೆ ಏನು ಕಷ್ಟ?” ಎಂದು ಸುಧಾಳನ್ನು ಕೇಳಿದೆ. “ಅಂಚಿನಲ್ಲಿ ಮುಳ್ಳಿರ್ತಾವಲ್ರೀ” ಅಂದಳು. ದಾರಿಯಲ್ಲಿ ದೇವೇಂದ್ರಪ್ಪ ಸಿಕ್ಕರೆ ಹಾರ್ನ್ ಹೊಡೆದು ಕೈ ಬೀಸುತ್ತಿದ್ದೆ. ಅವರು ತಿರುಗಿ ನೋಡುತ್ತಿರಲಿಲ್ಲ. ಕಿವಿಯಲ್ಲೇ ನೋಡಿರಬೇಕು.

ಅದೊಂದು ಶುಕ್ರವಾರ ಬೆಳಿಗ್ಗೆ. ಪೂಜೆಗೆ ಹೂವು ಬೇಕೆಂದು ಸುಧಾ ಜೊತೆಗೆ ಬಂದಿದ್ದಳು. ಹೂವಿನಂಗಡಿಯ ಮುಂದೆ ರಸ್ತೆಯ ಎಡಕ್ಕೆ ಕಾರು ನಿಲ್ಲಿಸಿದೆ. ಇಳಿಯುವ ಮೊದಲು ಕನ್ನಡಿ ನೋಡಿದೆಯಾ ಎಂದು ನೀವು ಕೇಳಬಹುದು. ನೋಡಿದೆ. ಒಳಗಿನ ಕನ್ನಡಿಯಲ್ಲಿ ನನ್ನ ಬೈತಲೆ ಸರಿಯಾಗಿದೆಯೇ ಎಂದು ನೋಡಿಕೊಂಡೆ. ಆಮೇಲೆ ಬಲಬದಿಯ ಬಾಗಿಲನ್ನು ಪೂರ್ತಿಯಾಗಿ ತೆಗೆದೆ.

ಏನೋ ಧಪ್ಪನೆ ಬಾಗಿಲಿಗೆ ಬಡಿಯಿತು. ಅದರ ಹಿಂದೆಯೇ ಲಾರಿಯ ಬ್ರೇಕು ಕಿರುಚಿತು. ಕೆಂಪು ಧೂಳು ಇಳಿದಾಗ ಕಂಡದ್ದಿಷ್ಟು: ಲಾರಿಯ ಮುಂದಿನ ಗಾಲಿಯ ಕೆಳಗೆ ಹಪ್ಪಳದಂತಾಗಿದ್ದ ಸೈಕಲ್ಲಿನ ಚಕ್ರ, ರಸ್ತೆಯ ಮೇಲೆ ಬಿಚ್ಚಿಕೊಂಡ ಡಬ್ಬಿ, ಜೋಳದ ರೊಟ್ಟಿ, ಮತ್ತು ಗಾಲಿಗೆ ಒಂದು ಗೇಣು ಈಚೆ, ಬಲ ಭುಜದ ಮೇಲೆ ಬಿದ್ದಿದ್ದ ದೇವೇಂದ್ರಪ್ಪ. ಹಿಂದೆ ಲಾರಿ ಬರುತ್ತಿದ್ದದ್ದಕ್ಕೆ ಅವರು ನನ್ನ ಕಾರಿನ ಪಕ್ಕಕ್ಕೇ ಸರಿದುಕೊಂಡು ಬಂದಿದ್ದರು. ನಿಂತ ಕಾರಿನ ಬಾಗಿಲು ತೆರೆಯುವುದಕ್ಕೆ ಮುಂಚೆ ಸದ್ದು ಮಾಡುವುದಿಲ್ಲವಲ್ಲ, ಕಿವಿಯಾದರೂ ಏನು ಮಾಡೀತು?

ಜನ ಸೇರಿದರು. ನಮ್ಮ ಜನಕ್ಕೆ ಒಂದು ನಿಯಮವಿದೆ, ಅಪಘಾತದಲ್ಲಿ ಅತಿ ದೊಡ್ಡ ವಾಹನ ಯಾರದ್ದೋ ತಪ್ಪು ಅವರದ್ದು. ಲಾರಿಯ ಡ್ರೈವರನನ್ನು ಕೆಳಗೆಳೆದರು. ಯಶವಂತನಗರದ ಕಡೆಯವನೆಂದು ಯಾರೋ ಅಂದರು, ಸಣಕಲು ಮನುಷ್ಯ. “ನಾ ಬ್ರೇಕ್ ಹೊಡದೀನ್ರೀ, ನೋಡ್ರೀ, ಗಾಡಿ ನಿಂದ್ರಿಸೀನ್ರೀ” ಎಂದು ಕೈಮುಗಿಯುತ್ತಿದ್ದ. ಆತ ಬ್ರೇಕ್ ಹೊಡೆದದ್ದರಿಂದಲೇ ದೇವೇಂದ್ರಪ್ಪ ಉಳಿದಿದ್ದರು. ಯಾರೋ ಕೆನ್ನೆಗೆ ಹೊಡೆದರು. ಇನ್ಯಾರೋ ಬೆನ್ನಿಗೆ ಗುದ್ದಿದರು. ನಾನು ಬಾಗಿಲ ಹಿಡಿಕೆ ಹಿಡಿದುಕೊಂಡೇ ನಿಂತಿದ್ದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಮೇಷ್ಟ್ರನ್ನು ಯಾರೂ ನೋಡಲಿಲ್ಲ, ಸುಧಾ ಒಬ್ಬಳನ್ನು ಬಿಟ್ಟು. ಬಾಯಿ ತೆರೆದೆ. ಕೊನೆಯ ಬೆಂಚಿನವರೆಗೂ ಮುಟ್ಟುತ್ತದೆಂದು ಹೆಸರಾದ ನನ್ನ ದನಿ ನನ್ನ ಹಲ್ಲಿನವರೆಗೂ ಬರಲಿಲ್ಲ.

ಆಗ ಕೆಳಗಿನಿಂದ ದೇವೇಂದ್ರಪ್ಪ ಕೂಗಿದರು. “ಅಂವನ್ನ ಬಿಡ್ರೋ! ಅಂವಂದೇನೂ ತಪ್ಪಿಲ್ಲ. ನಾನ ಹೋಗಿ ಹಾಯ್ದೀನಿ.”

ಹೊಡೆತ ನಿಂತಿತು. ಒಬ್ಬ ದೇವೇಂದ್ರಪ್ಪನವರಿಗೆ ಬುದ್ಧಿ ಹೇಳಿದ: “ನೋಡ್ಕೊಂಡ್ ಹೋಗಬೇಕಲ್ಲ ಯಜಮಾನ್ರ. ಈ ವಯಸ್ಸಿನ್ಯಾಗ ಸೈಕಲ್ ಯಾಕ ಬೇಕಿತ್ತು?” ಇನ್ನೊಬ್ಬ ನನ್ನ ಕಾರಿನ ಬಾಗಿಲನ್ನು ಸವರಿ, “ಸರ, ನಿಮ್ ಗಾಡಿಗೇನೂ ಆಗಿಲ್ಲಲ್ರಿ?” ಎಂದು ಕೇಳಿದ.

ಅದೇ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹೇಗಾಯಿತು ಎಂದು ಡಾಕ್ಟರು ಕೇಳಿದಾಗ “ಸೈಕಲ್ ಮೇಲಿಂದ ಬಿದ್ದರು” ಅಂದೆ. ಸುಳ್ಳಲ್ಲ ನೋಡಿ. ಕತ್ತಿನ ಕೆಳಗಿನ ಎಲುಬು ಮುರಿದಿತ್ತು, ಭುಜದ ಕೀಲು ಜರುಗಿತ್ತು. ಅವರ ಹೆಂಡತಿ ಗಂಗವ್ವ ಓಡಿ ಬಂದು, ಸಮಯಕ್ಕೆ ಕರೆತಂದಿದ್ದಕ್ಕೆ ನನಗೆ ಕೈಮುಗಿದರು. ಮರುದಿನ ಶಾಲೆಯಲ್ಲಿ ಇನ್ನೂ ಕೆಟ್ಟದ್ದು ಕಾದಿತ್ತು. ಹೆಡ್‌ಮಾಸ್ಟರು ಪ್ರಾರ್ಥನೆಯ ಹೊತ್ತಿನಲ್ಲಿ ನನ್ನನ್ನು ಮುಂದಕ್ಕೆ ಕರೆದು, ಗಾಯಾಳುವನ್ನು ಸ್ವಂತ ಕಾರಿನಲ್ಲಿ ಆಸ್ಪತ್ರೆಗೆ ಒಯ್ದ ಮಾನವೀಯತೆಯ ಬಗ್ಗೆ ಮಾತಾಡಿದರು. ಮಕ್ಕಳು ಚಪ್ಪಾಳೆ ಹೊಡೆದರು. ನಾನು ನಮಸ್ಕಾರವನ್ನೂ ಮಾಡಿದೆ.

ಸುಧಾ ಮೂರನೆಯ ದಿನ ಊಟಕ್ಕೆ ಬಡಿಸುತ್ತಾ, “ನೀವು ಹೇಳ್ತೀರೋ, ನಾನು ಹೇಳ್ಲೋ?” ಅಂದಳು. ಸಾರು ಹಾಕಿಸಿಕೊಳ್ಳದೆ ಎದ್ದೆ.

ದೇವೇಂದ್ರಪ್ಪ ಮನೆಯಲ್ಲಿ ದಿಂಬಿಗೊರಗಿ ಕೂತಿದ್ದರು. ಗಂಗವ್ವ “ಬರ್ರಿ ಸರ, ಕುಂದ್ರಿ” ಅಂದರು. ಕೂತರೆ ಹೇಳುವುದಾಗುವುದಿಲ್ಲವೆಂದು ನಿಂತೇ ಹೇಳಿದೆ. ಬಾಗಿಲು ತೆಗೆದವನು ನಾನು, ಹಿಂದೆ ನೋಡಲಿಲ್ಲ, ಆಮೇಲೆ ಹೇಳಲೂ ಇಲ್ಲ. ಗಂಗವ್ವ ನೀರಿನ ತಂಬಿಗೆ ತಂದು ನನ್ನ ಮುಂದಿಟ್ಟರು.

“ಗೊತ್ತೈತ್ರಿ ಸರ. ಅವತ್ತ ಸಂಜೀಕ ಇವ್ರು ಹೇಳ್ಯಾರ. ನೀವು ಹೇಳ್ತೀರೇನಂತ ದಾರಿ ನೋಡಾಕತ್ತಿದ್ವಿ.”

ಆಗ ಕೂತೆ. ನನ್ನ ಹೆಸರು ಯಾಕೆ ಹೇಳಲಿಲ್ಲ ಎಂದು ದೇವೇಂದ್ರಪ್ಪನವರನ್ನು ಕೇಳಿದೆ.

“ಡ್ರೈವರ್‌ನ ಹೊಡಿಯಾಕತ್ತಿದ್ರಲ್ರಿ. ನಿಮ್ ಹೆಸರ ಹೇಳಿದ್ರ ನಿಮ್ಮನ್ನ ಹೊಡಿತಿದ್ರು. ಅದಕ ನನ್ ಹೆಸರ ಹೇಳಿದೆ. ಬಿದ್ದವನ್ನ ಯಾರ ಹೊಡಿತಾರ್ರಿ ಸರ?”

ಹೊಸ ಸೈಕಲ್ಲು ಕೊಡಿಸುತ್ತೇನೆ ಅಂದೆ. ಅವರು ಕಟ್ಟುಹಾಕಿದ ಭುಜವನ್ನು ನೋಡಿಕೊಂಡು, “ಕೈ ಎಲ್ಲಿಂದ ಕೊಡಸ್ತೀರಿ?” ಅಂದರು. ಚುಚ್ಚಬೇಕೆಂದು ಅಂದದ್ದಲ್ಲ. ಅದಕ್ಕೆಂದೇ ಅದು ಇನ್ನೂ ನನ್ನೊಳಗಿದೆ.

ಹೆಡ್‌ಮಾಸ್ಟರಿಗೂ ನಿಜ ಹೇಳಿದೆ. ಅವರು ಎದ್ದು ಹೋಗಿ ಕೋಣೆಯ ಬಾಗಿಲು ಮುಂದಕ್ಕೆ ಮಾಡಿ ಬಂದರು. “ಇದನ್ನ ಇಲ್ಲಿಗೇ ಬಿಡ್ರಿ ಸರ. ಈಗಾಗಲೇ ಮಕ್ಕಳ ಕೈಲೆ ಚಪ್ಪಾಳಿ ಹೊಡಸೇವಿ. ವಾಪಸ್ ಹೆಂಗ ತಗೊಳ್ಳೋದು?” ಅಂದರು. ನಾನೂ ಒತ್ತಾಯ ಮಾಡಲಿಲ್ಲ. ಆ ಡ್ರೈವರನನ್ನು ಹುಡುಕಿಕೊಂಡು ಒಂದು ಭಾನುವಾರ ಯಶವಂತನಗರಕ್ಕೂ ಹೋಗಿಬಂದೆ. ಸಣಕಲು ಡ್ರೈವರ್ ಎಂದರೆ ಅಲ್ಲಿ ಯಾರೆಂದು ಹೇಳುತ್ತಾರೆ? ಹೆಸರು ಕೇಳಿದರು. ಹೊಡೆಯುವಾಗ ಯಾರೂ ಅವನ ಹೆಸರು ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಎರಡು ತಿಂಗಳ ಮೇಲೆ ದೇವೇಂದ್ರಪ್ಪ ಕೆಲಸಕ್ಕೆ ಬಂದರು. ಬಲಗೈ ಭುಜದ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ, ಭಾರ ತಾಳುವುದಿಲ್ಲ. ಸೈಕಲ್ಲಿನ ಮಾತು ಮುಗಿದೇ ಹೋಯಿತು. ಗಂಟೆಯನ್ನು ಈಗ ಎಡಗೈಯಲ್ಲಿ ಬಾರಿಸುತ್ತಾರೆ, ಪೆಟ್ಟುಗಳ ನಡುವಿನ ಅಂತರ ಒಂದೇ ಸಮ ಇರುವುದಿಲ್ಲ. ಮಕ್ಕಳಿಗೆ ಅದರ ವ್ಯತ್ಯಾಸ ಗೊತ್ತಾಗುವುದಿಲ್ಲ. ನನಗೆ ಪ್ರತಿ ಪೀರಿಯಡ್ಡಿಗೂ ಗೊತ್ತಾಗುತ್ತದೆ.

ದಿನಾ ನನ್ನ ಕಾರಿನಲ್ಲೇ ಬರಬೇಕೆಂದು ಅವರನ್ನು ಒಪ್ಪಿಸಲು ಒಂದು ವಾರ ಹಿಡಿಯಿತು. ಈಗ ನನ್ನ ಪಕ್ಕದ ಸೀಟಿನಲ್ಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬರುತ್ತಾರೆ. ಕಾರು ಶಾಲೆಯ ಮುಂದೆ ರಸ್ತೆಯ ಬದಿಗೆ ನಿಂತೊಡನೆ “ತಡೀರಿ ಸರ, ಗಡಿಬಿಡಿ ಮಾಡಬ್ಯಾಡ್ರಿ” ಎಂದು ತಾವು ಮೊದಲು ಎಡಕ್ಕೆ ಇಳಿಯುತ್ತಾರೆ. ಕಾರಿನ ಹಿಂದಿನಿಂದ ಸುತ್ತಿ ಬಂದು ರಸ್ತೆಯ ಕಡೆ ಒಮ್ಮೆ ನೋಡುತ್ತಾರೆ, ಮತ್ತೊಮ್ಮೆ ನೋಡುತ್ತಾರೆ. ಯಾವ ಸೈಕಲ್ಲೂ ಬರುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಎಡಗೈಯಿಂದ ತಾವೇ ನನ್ನ ಬಾಗಿಲು ತೆಗೆದು “ಈಗ ಇಳೀರಿ” ಅನ್ನುತ್ತಾರೆ. ಬೇಡವೆಂದು ಎಷ್ಟೋ ಸಲ ಹೇಳಿದ್ದೇನೆ. ಅವರಿಗೆ ನನ್ನ ಮೇಲೆ ಬಹಳ ಪ್ರೀತಿಯಿದೆ, ಬಾಗಿಲಿನ ವಿಷಯದಲ್ಲಿ ಮಾತ್ರ ನಂಬಿಕೆಯಿಲ್ಲ.

ಮೊನ್ನೆ ಇದನ್ನು ಕಿಟಕಿಯಿಂದ ನೋಡಿದ ಸಮಾಜ ಪಾಠದ ಮೇಡಂ ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಕೇಳಿಯೇಬಿಟ್ಟರು. “ಅಲ್ರಿ ಸರ, ಕೈ ಮುರಕೊಂಡ ಮನುಷ್ಯಾರು ಅವರು. ಅಷ್ಟೂ ದೊಡ್ಡಸ್ತಿಕಿ ಬೇಕೇನ್ರೀ ನಿಮಗ, ಕಾರಿನ ಬಾಗಲಾ ಸೈತ ಅವರ ಕೈಲೇ ತಗಸಾಕ?”

ನಿಜ ಹೇಳಬಹುದಿತ್ತು. ದೊಡ್ಡಸ್ತಿಕೆಯ ಮನುಷ್ಯ ಅನ್ನಿಸಿಕೊಳ್ಳುವುದೇ ವಾಸಿಯೆನಿಸಿ, ಹಾಜರಿ ಪುಸ್ತಕ ತೆಗೆದುಕೊಂಡು ತರಗತಿಗೆ ಹೊರಟೆ.