ಅಂಗಡಿ ಖಾಲಿ ಇರಬೇಕಾಗಿದ್ದ ದಿನ

ಬಂಟ್ವಾಳದಲ್ಲಿ ವಕೀಲಿ ಮಾಡುವವನಿಗೆ ನಗುವಿಗೆ ಬರ ಇಲ್ಲ. ಎದುರು ಪಾರ್ಟಿಯನ್ನು ಹೇಗೂ ಸುಧಾರಿಸಬಹುದು, ನಮ್ಮ ಕಕ್ಷಿದಾರರದ್ದೇ ದೊಡ್ಡ ತಲೆಬಿಸಿ. ಇತ್ತೀಚೆಗೆ ಮುಗಿದ ಒಂದು ಕೇಸಿನ ಕತೆ ಹೇಳ್ತೇನೆ.

೧. ನಲ್ವತ್ತು ರೂಪಾಯಿಯ ಚಹಾ

ಗಲ್ಫಿನಿಂದ ಬಂದವರೊಬ್ಬರು ಬೆಂಗಳೂರಿನ ಕಂಪನಿಯೊಂದರ ಫ್ರಾಂಚೈಸಿ ತೆಗೆದುಕೊಂಡು ಫರಂಗಿಪೇಟೆಯಲ್ಲಿ ಚಹಾ ಅಂಗಡಿ ಹಾಕಿದ್ದರು. ಕರಾರು ಐದು ವರ್ಷಕ್ಕೆ, ಸಾಕಾದದ್ದು ಒಂದೇ ವರ್ಷಕ್ಕೆ. ನಡುವೆ ಬಿಟ್ಟರೆ ಐದು ಲಕ್ಷ ದಂಡ ಅಂತ ಬರೆದಿತ್ತು. ಅವರ ಕೈಯಲ್ಲಿ ಇದ್ದದ್ದೂ ಅಷ್ಟೇ, ಅದು ಮಗಳನ್ನು ಮೂಡುಬಿದಿರೆಯಲ್ಲಿ ನರ್ಸಿಂಗಿಗೆ ಸೇರಿಸಲಿಕ್ಕೆ ಇಟ್ಟದ್ದು.

"ವ್ಯಾಪಾರ ಯಾಕೆ ಆಗಲಿಲ್ಲ?" ಅಂತ ಕೇಳಿದೆ.

"ಪಕ್ಕದ ಹೋಟೆಲಿನಲ್ಲಿ ಹದಿನೈದು ರೂಪಾಯಿಗೆ ಒಳ್ಳೆ ಚಹಾ ಸಿಗ್ತದೆ ವಕೀಲ್ರೆ."

"ಒಳ್ಳೆದು ಅಂತ ನಿಮಗೆ ಹೇಗೆ ಗೊತ್ತು?"

"ನಾನು ದಿನಾ ಅಲ್ಲೇ ಕುಡಿಯುವುದಲ್ವಾ? ನಮ್ಮಲ್ಲಿ ನಲ್ವತ್ತು ರೂಪಾಯಿ ಮಾರಾಯ್ರೆ, ಯಾರಿಗೆ ಪೂರೈಸ್ತದೆ?"

೨. ಶಾಂತ ವಾತಾವರಣ

ಕಾನೂನು ಅವರ ಕಡೆಗೇ ಇತ್ತು. ಕರಾರಿನಲ್ಲಿ ದಂಡ ಎಷ್ಟೇ ಬರೆದಿರಲಿ, ಕೋರ್ಟು ಕೊಡಿಸುವುದು ನ್ಯಾಯವಾದ ಪರಿಹಾರ ಮಾತ್ರ. ಕಂಪನಿಗೆ ನಷ್ಟವೇ ಇಲ್ಲದಿದ್ದರೆ ಕೇಳಲಿಕ್ಕೆ ಎಂತ ಉಂಟು? "ಈ ಅಂಗಡಿಯಲ್ಲಿ ನೊಣವೂ ಕೂರುವುದಿಲ್ಲ, ಮುಚ್ಚಿದರೆ ಕಂಪನಿಗೆ ಕಳಕೊಳ್ಳಲಿಕ್ಕೆ ಏನಿಲ್ಲ ಅಂತ ಅವರ ನೋಟೀಸಿಗೆ ಉತ್ತರ ಬರೆಯುವ" ಎಂದೆ.

ಅವರ ಮುಖ ಸಣ್ಣದಾಯಿತು. "ಹಾಗೆ ಬರೆಯಬೇಡಿ. ಹೆಂಡತಿ ಮನೆಯವರಿಗೆ ಭಾರೀ ವ್ಯಾಪಾರ ಅಂತ ಹೇಳಿದ್ದೇನೆ."

"ಮತ್ತೆ ಎಂತ ಬರೆಯುವುದು?"

ಕರಾರಿನ ಹಾಳೆ ತಿರುವಿ ಹಾಕಿ ಹೇಳಿದರು, "ಅಂಗಡಿಯಲ್ಲಿ ಶಾಂತ ವಾತಾವರಣ ಇತ್ತು ಅಂತ ಬರೆಯಿರಿ."

೩. ಮರ್ಯಾದೆಯ ಪ್ರಶ್ನೆ

ಕಂಪನಿಯ ಅಧಿಕಾರಿ ಅಂಗಡಿ ನೋಡಲಿಕ್ಕೆ ಬರುತ್ತೇನೆಂದರು. ನಾನು ಕಕ್ಷಿದಾರರಿಗೆ ಮೂರು ಸಲ ಹೇಳಿದ್ದೆ: "ಏನೂ ಮಾಡಬೇಡಿ. ದಿನಾ ಹೇಗಿರ್ತದೋ ಹಾಗೇ ಇರಲಿ."

ಹನ್ನೊಂದು ಗಂಟೆಗೆ ಹೋಗಿ ನೋಡಿದರೆ ಕಾಲಿಡಲಿಕ್ಕೆ ಜಾಗ ಇಲ್ಲ! ಬೆಳ್ತಂಗಡಿಯಿಂದ ಒಂದು ವ್ಯಾನು ತುಂಬಾ ನೆಂಟರು. ಹೆಂಗಸರೆಲ್ಲ ರೇಷ್ಮೆ ಸೀರೆ ಉಟ್ಟು ಬಂದಿದ್ದರು.

"ಎಂತ ಮಾರಾಯ್ರೆ ಇದು?" ನನಗೆ ನಿಜವಾಗಿ ಅಳು ಬಂದಿತ್ತು.

"ಅಷ್ಟು ದೂರದಿಂದ ದೊಡ್ಡವರು ಬರುವಾಗ ಅಂಗಡಿ ಖಾಲಿ ಇದ್ದರೆ ಮರ್ಯಾದೆ ಹೋಗುವುದಿಲ್ವಾ?"

ಅಷ್ಟರಲ್ಲಿ ಅಧಿಕಾರಿ ಬಂದೇಬಿಟ್ಟರು. ಸುತ್ತ ನೋಡಿ, ಖುಷಿಯಿಂದ ಫೋಟೋ ತೆಗೆದು, ಹತ್ತಿರದ ಅಜ್ಜಿಯನ್ನು ಕೇಳಿದರು, "ಚಹಾ ಹೇಗಿದೆ ಅಮ್ಮಾ?"

"ಚಹಾ ಅಡ್ಡಿಯಿಲ್ಲ. ಊಟ ಎಷ್ಟು ಗಂಟೆಗೆ?"

೪. ಹೊಸ ಪಾರ್ಟಿ

ಹತ್ತು ದಿನ ಕಳೆದು ಕಂಪನಿಯ ಪತ್ರ ಬಂತು. ಇಷ್ಟು ಚೆನ್ನಾಗಿ ನಡೆಯುವ ಅಂಗಡಿಗೆ ಹೊಸ ಪಾರ್ಟಿ ಸಿಕ್ಕಿದ್ದಾರೆ, ಅವರು ಸಹಿ ಹಾಕಿದರೆ ನಮಗೆ ನಷ್ಟವಿಲ್ಲ, ದಂಡವೂ ಬೇಡ ಅಂತ. ನನಗೆ ಹೋದ ಜೀವ ಬಂದ ಹಾಗಾಯಿತು.

ಮರುದಿನ ಕಕ್ಷಿದಾರರು ಒಬ್ಬರನ್ನು ಕೈಹಿಡಿದು ಎಳಕೊಂಡೇ ಆಫೀಸಿಗೆ ಬಂದರು. ಹೊಸ ಪಾರ್ಟಿ ಅಂದರೆ ಅವರ ಹೆಂಡತಿಯ ಅಣ್ಣ! ಅಧಿಕಾರಿ ಬಂದ ದಿನ ಅಂಗಡಿಗೆ ಬರಲಿಕ್ಕೆ ಅವರಿಗೂ ಕರೆ ಹೋಗಿತ್ತು.

"ನೀವಾದರೂ ಹೇಳಿ ವಕೀಲ್ರೆ, ಸಹಿ ಹಾಕಬೇಡಿ ಅಂತ."

ನಾನು ಮೆಲ್ಲ ಕಕ್ಷಿದಾರರ ಕಿವಿಯಲ್ಲಿ ಹೇಳಿದೆ, "ಅವರು ಸಹಿ ಹಾಕದಿದ್ದರೆ ನಿಮ್ಮ ಐದು ಲಕ್ಷ ಹೋಗಬಹುದು. ಮಗಳ ಸೀಟು?"

"ಗೊತ್ತುಂಟು. ಆದರೂ ಮನೆಯವರಿಗೆ ಟೋಪಿ ಹಾಕಲಿಕ್ಕೆ ಆಗ್ತದಾ?" ಅವರ ಕಣ್ಣಲ್ಲಿ ನೀರಿತ್ತು. ಭಾವನ ಕಡೆ ತಿರುಗಿ ಎಲ್ಲ ಬಾಯಿಬಿಟ್ಟರು. "ವ್ಯಾಪಾರ ಇಲ್ಲ ಭಾವ. ನಾನು ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳು. ಅವತ್ತು ಬಂದದ್ದು ಪೂರಾ ನಮ್ಮವರೇ."

ಭಾವ ನಕ್ಕರು. ಅಂಗಿಯ ಜೇಬಿನಿಂದ ಕರಾರು ತೆಗೆದು ನನ್ನ ಮೇಜಿನ ಮೇಲಿಟ್ಟು, ನನ್ನದೇ ಪೆನ್ನಿನಿಂದ ಸಹಿ ಹಾಕಿದರು.

"ನನ್ನನ್ನು ಮಂಗ ಮಾಡುವುದು ಬೇಡ. ನಾನು ಕಣ್ಣಾರೆ ನೋಡಿದ್ದೇನೆ ಮಾರಾಯ. ಅವತ್ತು ಕೂರಲಿಕ್ಕೆ ಜಾಗ ಸಿಗದೆ ನಿಂತೇ ಚಹಾ ಕುಡಿದವ ನಾನು!"