ಕೆಂಪು ಕಾಗದದ ಅರವತ್ತು ಡಬ್ಬಿ

ಆ ದಿನದ ಫಜೀತಿಗೆಲ್ಲ ಕಾರಣ ಒಂದೇ: ಡಬ್ಬಿ ಹಗುರವಾಗಿತ್ತು.

ವರ್ಷದ ಕೊನೆಯ ರಜೆಯ ಸಂಭ್ರಮವೆಲ್ಲ ತನ್ನ ಮದುವೆಯಲ್ಲೇ ಇರಬೇಕೆಂದು ಹುಡುಗಿ ಆಸೆಪಟ್ಟಿದ್ದಳು. ಗಂಡಸರಿಗೆಲ್ಲ ಕರಿ ಕೋಟು, ಛಾವಣಿಯಿಂದ ಇಳಿಬಿದ್ದ ಬೆಳ್ಳಿ ನಕ್ಷತ್ರಗಳು, ಸಭಾಂಗಣದ ನಟ್ಟನಡುವೆ ಎರಡಾಳೆತ್ತರದ ಹಸಿರು ಮರ, ಬುಡದಲ್ಲಿ ಹತ್ತಿಯ ಹಿಮ. ಹಿಮದ ಮೇಲೆ ಕೆಂಪು ಕಾಗದ ಸುತ್ತಿ ಹಸಿರು ರಿಬ್ಬನ್ ಕಟ್ಟಿದ ಅರವತ್ತು ಡಬ್ಬಿ. ಒಳಗೆ ಏನೂ ಇಲ್ಲ, ಬರೀ ನೋಟಕ್ಕೆ. ನೋಟ ಕೆಡಬಾರದೆಂದು ಅತಿಥಿಗಳ ಉಡುಗೊರೆಗೂ ಅದೇ ಕಾಗದ, ಅದೇ ರಿಬ್ಬನ್ನನ್ನು ಆಮಂತ್ರಣದ ಜೊತೆ ಕಳಿಸಿದ್ದವನು ರಿಬ್ಬನ್ನಣ್ಣ.

ಅಲಂಕಾರದ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ದುಡಿಯುತ್ತಿದ್ದ ಅವನನ್ನು ಎಲ್ಲರೂ ಕರೆಯುವುದೇ ಹಾಗೆ. ಊರವರ ರಜೆಗೆಲ್ಲ ದೀಪ ಕಟ್ಟಿದವನಿಗೆ ತನ್ನದೊಂದು ರಜೆ ಮಾತ್ರ ಸಿಕ್ಕಿರಲಿಲ್ಲ. ಈ ಸಲ ಯಜಮಾನರು, "ಒಂದೇ ಒಂದು ದೂರು ಬರದ ಹಾಗೆ ಮದುವೆ ಮುಗಿಸು, ನಾಳೆಯಿಂದ ನಾಲ್ಕು ದಿನ ರಜ" ಎಂದಿದ್ದರು. ಹೆಂಡತಿ ಆಗಲೇ ಬಟ್ಟೆಬರೆ ತುಂಬಿ ಪೆಟ್ಟಿಗೆಯನ್ನು ಬಾಗಿಲ ಹಿಂದೆ ನಿಲ್ಲಿಸಿದ್ದಳು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದವರು ಗಂಡಿನ ಸೋದರತ್ತೆ. ಕಣ್ಣಿಗೆ ಬಿದ್ದದ್ದನ್ನೆಲ್ಲ ಮುಟ್ಟಿ ನೋಡದಿದ್ದರೆ ಅವರಿಗೆ ಉಂಡದ್ದು ಅರಗದು. ಒಂದು ಡಬ್ಬಿಯನ್ನು ಎರಡು ಬೆರಳಲ್ಲಿ ಎತ್ತಿದರು. ಅದು ತರಗೆಲೆಯಂತೆ ಮೇಲೆ ಬಂತು.

"ಏನಪ್ಪಾ, ಖಾಲಿ ಡಬ್ಬಿ ಇಟ್ಟು ನಮ್ಮನ್ನ ಕರೆದಿದೀರಾ?"

"ಇಲ್ಲಮ್ಮಾ... ಇನ್ನೂ ತುಂಬಿಲ್ಲ, ಅಷ್ಟೇ."

"ಹಾಗಾದ್ರೆ ತುಂಬು. ಇಲ್ಲಾಂದ್ರೆ ನಿಮ್ಮ ಯಜಮಾನರ ಹತ್ರಾನೇ ಮಾತಾಡ್ತೀನಿ."

ರಿಬ್ಬನ್ನಣ್ಣ ಅವರ ಕೈಯಿಂದ ಡಬ್ಬಿ ತೆಗೆದುಕೊಂಡು ಮರದ ಬುಡಕ್ಕಿಟ್ಟ. ಅಡುಗೆಮನೆಗೆ ಓಡಿದ.

"ಭಾರ ಇರೋದು ಏನಾದ್ರೂ ಕೊಡಣ್ಣಾ."

"ಭಾರಕ್ಕೆ ನಾನೇ ಇದೀನಲ್ಲ," ಎಂದ ಅಡುಗೆಯವನು, ಹೊಟ್ಟೆ ಸವರಿಕೊಂಡು. "ನಾನು ಬೇಡಾಂದ್ರೆ ಮೂಲೇಲಿ ನೋಡು, ನಾಲ್ಕು ಮೂಟೆ ಹೆಚ್ಚಾಗಿ ಬಂದಿದೆ."

ಎರಡರಲ್ಲಿ ಈರುಳ್ಳಿ, ಎರಡರಲ್ಲಿ ಆಲೂಗಡ್ಡೆ. ಜನ ಸೇರುವಷ್ಟರಲ್ಲಿ ಅರವತ್ತು ಡಬ್ಬಿಯೂ ಬಸುರಿಯರಂತೆ ಭಾರವಾಗಿ ಕೂತವು.

ಸೋದರತ್ತೆ ಮತ್ತೆ ಬಂದರು. ಡಬ್ಬಿಗೆ ಕಿವಿ ಹಚ್ಚಿ ಅಲ್ಲಾಡಿಸಿದರು.

"ಏನೋ ಉರುಳ್ತಾ ಇದೆ. ಗಾಜಿನ ಗೋಲಾನಾ?"

"ಈಗಲೇ ಹೇಳೋ ಹಾಗಿಲ್ಲಮ್ಮಾ."

"ಯಾರಿಗೆ ಅಂತಾದ್ರೂ ಹೇಳು."

"ಬಂದವರಿಗೆ," ಎಂದುಬಿಟ್ಟ ರಿಬ್ಬನ್ನಣ್ಣ, ಬಾಯಿಗೆ ಬಂದದ್ದನ್ನು.

ಮಾತು ಸಭಾಂಗಣದ ತುಂಬ ಇರುವೆ ಸಾಲಿನಂತೆ ಹರಿಯಿತು. ಒಬ್ಬರು ಬೆಳ್ಳಿ ಬಟ್ಟಲು ಎಂದರೆ ಇನ್ನೊಬ್ಬರು ಪಿಂಗಾಣಿ ಎಂದರು. ವಧೂವರರತ್ತ ನೋಡಬೇಕಾದ ಕಣ್ಣೆಲ್ಲ ಮರದ ಬುಡ ನೋಡುತ್ತಿದ್ದವು. ಹೆಣ್ಣಿನ ತಂದೆ ಬಂದು ರಿಬ್ಬನ್ನಣ್ಣನ ತೋಳು ಹಿಡಿದಾಗ ಅವನು ಮನಸ್ಸಿನಲ್ಲೇ ರಜೆಗೆ ಕೈಮುಗಿದ.

"ಬೀಗರು ನನ್ನ ಹೊಗಳ್ತಾ ಇದಾರೆ ಕಣಯ್ಯಾ. ನನಗೇ ಹೇಳದೆ ಇಷ್ಟೆಲ್ಲ ಮಾಡಿದೀಯಲ್ಲ," ಎಂದವರೇ ಮೈಕು ಹಿಡಿದು, ಹೋಗುವಾಗ ಮನೆಗೊಂದು ಡಬ್ಬಿ ಒಯ್ಯಬೇಕೆಂದು ಸಾರಿಬಿಟ್ಟರು.

ಊಟವಾಯಿತು. ಜನ ಮರವನ್ನು ಮುತ್ತಿದರು. ಆಗ ರಿಬ್ಬನ್ನಣ್ಣನಿಗೆ ಇನ್ನೊಂದು ಹೊಳೆಯಿತು. ಬೆಳಗಿನಿಂದ ಬಂದ ಉಡುಗೊರೆಗಳನ್ನೂ ಅತಿಥಿಗಳು ಅಲ್ಲೇ, ಅವನ ಡಬ್ಬಿಗಳ ಮೇಲೇ ಪೇರಿಸಿದ್ದರು. ಅದೇ ಕಾಗದ, ಅದೇ ರಿಬ್ಬನ್. ಜನ ಒಯ್ಯುತ್ತಿದ್ದದ್ದು ಮೇಲಿನ ಸಾಲನ್ನು. ತಡೆದರೆ ಈರುಳ್ಳಿಯ ಗುಟ್ಟು ಬಯಲಾಗುತ್ತದೆಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಸೋದರತ್ತೆಗೆ ಗಾಜಿನ ಹೂಜಿ ಬಂತು. ಯಾರಿಗೋ ಗೋಡೆ ಗಡಿಯಾರ. ಒಬ್ಬರಿಗೆ ತಾವೇ ತಂದ ದೀಪ ವಾಪಸು ಸಿಕ್ಕಿ, "ನಮ್ಮ ಅಭಿರುಚಿ, ಇವರ ಅಭಿರುಚಿ ಒಂದೇ ನೋಡು" ಎಂದು ಹೆಂಡತಿಗೆ ತೋರಿಸಿದರು. ಉಳಿದ ಅರವತ್ತು ಡಬ್ಬಿ ವಧೂವರರ ಗಾಡಿ ಏರಿ ಹೊಸ ಮನೆಗೆ ಹೊರಟವು.

ಸಂಜೆ ಅಂಗಡಿಯಿಂದ ಕರೆ ಬಂತು. ಯಜಮಾನರ ಎದುರಿಗೆ ಹೆಣ್ಣಿನ ತಂದೆ ಕೂತಿದ್ದರು.

"ಮಗಳು ಫೋನ್ ಮಾಡಿದ್ಲು," ಎಂದರು ಅವರು. ರಿಬ್ಬನ್ನಣ್ಣ ಕಣ್ಣು ಮುಚ್ಚಿದ. "ಹೊಸ ಸಂಸಾರಕ್ಕೆ ಬೇಕಾದ್ದನ್ನ ಕೊಟ್ಟಿದ್ದು ಇದೊಂದೇ ಮದುವೆಯಂತೆ. ಅವಳ ಗೆಳತಿಗೆ ಹನ್ನೆರಡು ಗಡಿಯಾರ ಬಂದು, ಟೈಮು ಎಷ್ಟು ಅಂತ ಗಂಡ ಹೆಂಡ್ತಿ ಜಗಳ ಆಡ್ತಾರಂತೆ."

"ಹಾಗಾದ್ರೆ ದೂರು ಇಲ್ಲ," ಎಂದ ರಿಬ್ಬನ್ನಣ್ಣ. "ನನ್ನ ರಜ..."

"ರಜ ಎಲ್ಲಿಂದ ಬರಬೇಕಪ್ಪಾ," ಎಂದರು ಯಜಮಾನರು. "ಅಲ್ಲಿ ಬಂದಿದ್ದವರಲ್ಲಿ ಮೂರು ಮನೆಯವರು ಇಂಥದ್ದೇ ಬೇಕು ಅಂತಿದಾರೆ. ನಾಳೆಯಿಂದಲೇ."

ರಿಬ್ಬನ್ನಣ್ಣನಿಗೆ ಬಾಗಿಲ ಹಿಂದಿನ ಪೆಟ್ಟಿಗೆ ಕಣ್ಣಿಗೆ ಕಟ್ಟಿತು. ಕೊನೆಯ ದಾರಿಯೆಂದು ಹೆಣ್ಣಿನ ತಂದೆ ಹೊರಡುವವರೆಗೆ ಕಾದು, ಇದ್ದದ್ದನ್ನೆಲ್ಲ ಒಪ್ಪಿಕೊಂಡ. ಬೈಯಲಿ, ಕೆಲಸ ಬಿಡಿಸಿ ಅಟ್ಟಲಿ, ನಾಲ್ಕು ದಿನವಾದರೂ ಮನೆಯಲ್ಲಿರಬಹುದು.

"ಅಂದ್ರೆ," ಎಂದು ಯಜಮಾನರು ನಿಧಾನವಾಗಿ ಕನ್ನಡಕ ತೆಗೆದರು, "ಅವರು ತಂದಿದ್ದನ್ನೇ ಅವರಿಗೆ ಹಂಚಿದ್ದು?"

"ಹೌದು ಸಾರ್. ತಪ್ಪಾಯ್ತು."

"ನಮ್ಮ ಕೈಯಿಂದ ಏನೂ ಹೋಗಿಲ್ಲ?"

"ಡಬ್ಬಿ ಬಿಟ್ರೆ ಏನೂ ಇಲ್ಲ ಸಾರ್."

ಯಜಮಾನರು ಫೋನ್ ಎತ್ತಿಕೊಂಡರು. "ಮೂರು ಯಾಕೆ, ಒಂಬತ್ತು ಮನೆ ಒಪ್ಕೊಳ್ಳೋಣ ಬಿಡು. ನಾಳೆ ಬೆಳಿಗ್ಗೆ ಬೇಗ ಬಂದ್ಬಿಡು, ಈಗ ಹೋಗ್ತಾ ಈರುಳ್ಳಿ ಮಂಡಿಗೆ ಹೇಳ್ಬಿಟ್ಟು ಹೋಗು."